ಕಾಯಿಸಿ ತಣಿಸಿದ ಗಾಜು ಹಿಂದಿನ ಅಳತೆಗೆ ಮರಳದಿರುವುದೇಕೆ?

ಒಂದು ಮೀಟರ್ ಉದ್ದದ ಸಾಮಾನ್ಯ ಕಿಟಕಿ ಗಾಜನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿದರೆ ಅದು ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಪ್ರಯೋಗಾಲಯದ ಪಾತ್ರೆಗಳಿಗೆ ಬಳಸುವ ಬೋರೋಸಿಲಿಕೇಟ್ ಗಾಜಾದರೆ 0.33 ಮಿಲಿಮೀಟರ್ ಮಾತ್ರ. ತಣಿದಾಗ ಈ ಹಿಗ್ಗು ಇಳಿದುಹೋಗುತ್ತದೆ. ಈ ಟಿಪ್ಪಣಿಯ ವಿಷಯ ಅದಲ್ಲ, ತಣಿದ ಮೇಲೂ ಉಳಿದುಕೊಳ್ಳುವ ವ್ಯತ್ಯಾಸ.

ಕಾಸರಗೋಡಿನ ಕಡೆ ಅಡಿಕೆಯನ್ನು ಗೋಣಿಗೆ ತುಂಬಿಸುವುದನ್ನು ನೋಡಿದವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ಸುಮ್ಮನೆ ಸುರಿದರೆ ಗೋಣಿ ಬೇಗ ತುಂಬುತ್ತದೆ, ಕುಲುಕಿದರೆ ಅದೇ ಅಡಿಕೆ ಕೆಳಗಿಳಿದು ಜಾಗ ಉಳಿಯುತ್ತದೆ. ಕರಗಿದ ಗಾಜನ್ನು ಬೇಗ ತಣಿಸಿದಾಗ ಅಣುಗಳಿಗೆ ಒತ್ತಾಗಿ ಕೂರಲು ಸಮಯ ಸಿಗದೆ, ಹೆಚ್ಚಿನ ತಾಪದ ಸಡಿಲ ರಚನೆಯೇ ಹೆಪ್ಪುಗಟ್ಟಿ ಉಳಿಯುತ್ತದೆ. ಅದೇ ಗಾಜನ್ನು ಅನೀಲಿಂಗ್ ತಾಪದ (ಗಾಜಿನೊಳಗಿನ ಬಿಗುವು ಸಡಿಲಗೊಳ್ಳುವ ತಾಪ) ಹತ್ತಿರ, ಅಂದರೆ ಸಾಮಾನ್ಯ ಕಿಟಕಿಯ ಸೋಡಾ-ಸುಣ್ಣದ ಗಾಜಿಗೆ ಸುಮಾರು 550 ಡಿಗ್ರಿಯ ಆಸುಪಾಸಿನಲ್ಲಿ, ಕೆಲಕಾಲ ಇರಿಸಿ ನಿಧಾನವಾಗಿ ತಣಿಸಿದರೆ ಅದು ಶಾಶ್ವತವಾಗಿ ತುಸು ಕುಗ್ಗುತ್ತದೆ. ಶುದ್ಧ ಸಿಲಿಕಾ ಗಾಜು ಮಾತ್ರ ಈ ಲೆಕ್ಕಕ್ಕೆ ಸಿಗದು: ಬೇಗ ತಣಿಸಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಈ ಕುಗ್ಗುವಿಕೆ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಪಾದರಸದ ಉಷ್ಣಮಾಪಕ ಅದನ್ನು ದೊಡ್ಡದಾಗಿ ತೋರಿಸುತ್ತದೆ. ನಮ್ಮ ಪ್ರಯೋಗಾಲಯದ ಹಳೆಯ ಉಷ್ಣಮಾಪಕವೊಂದನ್ನು ಪುಡಿ ಮಾಡಿದ ಕರಗುವ ಮಂಜುಗಡ್ಡೆಯಲ್ಲಿಟ್ಟಾಗ ಪಾದರಸ 0.4 ಡಿಗ್ರಿಯಲ್ಲಿ ನಿಂತಿತು. ನನ್ನ ಕಣ್ಣೇ ಓರೆಯೆಂದುಕೊಂಡು ಮೂರು ಸಲ ನೋಡಿದೆ. ಪಾದರಸ ತುಂಬಿದ ಕೆಳತುದಿಯ ಗಾಜಿನ ಬುರುಡೆ ಕುಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳಿತ್ತು. ಗಾಜಿನೊಳಗೆ ಪಾದರಸದ ತೋರಿಕೆಯ ಹಿಗ್ಗು ಡಿಗ್ರಿಗೆ ಸುಮಾರು 6,300ರಲ್ಲಿ ಒಂದು ಪಾಲು. ಹಾಗಾಗಿ ಬುರುಡೆಯ ಗಾತ್ರ 0.0064 ಶೇಕಡಾದಷ್ಟು ಕುಗ್ಗಿದರೂ 0.4 ಡಿಗ್ರಿ ಏರಿಕೆಗೆ ಸಾಕು. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಜೂಲ್ ತನ್ನ ಉಷ್ಣಮಾಪಕದ ಸೊನ್ನೆಯನ್ನು, ಅಂದರೆ ಕರಗುವ ಮಂಜುಗಡ್ಡೆಯಲ್ಲಿ ಪಾದರಸ ನಿಲ್ಲುವ ಮಟ್ಟವನ್ನು, 1844ರಿಂದ 1882ರವರೆಗೆ ಗಮನಿಸುತ್ತಾ ಬಂದಾಗ, ಅದು ಮೊದಲು ಬೇಗ, ಆಮೇಲೆ ನಿಧಾನವಾಗಿ, ಒಟ್ಟು ಅರ್ಧ ಡಿಗ್ರಿ ಸೆಲ್ಸಿಯಸ್‌ಗೂ ತುಸು ಹೆಚ್ಚು ಏರಿತ್ತು. ಕೋಣೆಯ ತಾಪದಲ್ಲಿಯೂ ಗಾಜು ದಶಕಗಳ ಕಾಲ ಕುಗ್ಗುತ್ತಲೇ ಇರುತ್ತದೆ.

ಇದಕ್ಕೆ ಪ್ರತಿಯಾದ ಇನ್ನೊಂದು ನಡತೆಯೂ ಉಂಟು. ಉಷ್ಣಮಾಪಕವನ್ನು ಕುದಿಯುವ ನೀರಿನ ಆವಿಯಲ್ಲಿಟ್ಟು ಕೂಡಲೇ ಮಂಜುಗಡ್ಡೆಗೆ ಇಳಿಸಿದರೆ, ಹಿಗ್ಗಿದ ಬುರುಡೆ ಪೂರ್ತಿ ಮರಳಿರುವುದಿಲ್ಲವಾದ್ದರಿಂದ ಸೊನ್ನೆ ತಾತ್ಕಾಲಿಕವಾಗಿ ಕೆಳಗೆ ಜಾರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಎರಡೂ ಬೆರೆತ ಗಾಜಿನಲ್ಲಿ ಈ ಜಾರಿಕೆ ಹೆಚ್ಚು. ಜರ್ಮನಿಯ ಯೇನಾದಲ್ಲಿ ಗಾಜಿನ ರಸಾಯನಶಾಸ್ತ್ರಜ್ಞ ಓಟೋ ಶಾಟ್ 1880ರ ದಶಕದಲ್ಲಿ ಉಷ್ಣಮಾಪಕಕ್ಕೆಂದೇ ಬೇರೆ ಗಾಜನ್ನು ರೂಪಿಸಿದ್ದು ಈ ತೊಂದರೆಯಿಂದಾಗಿ. ಪ್ರಯೋಗದ ಪುಸ್ತಕದಲ್ಲಿ ಮಂಜಿನ ಅಳತೆಯನ್ನು ಆವಿಗೆ ಮೊದಲು ತೆಗೆದದ್ದೋ ಆಮೇಲೆ ತೆಗೆದದ್ದೋ ಎಂದು ಬರೆದಿಡುವುದು ಹೀಗಾಗಿಯೇ.