ಲಿಂಫೋಮಾ ಟ್ರಯಲ್‌ಗೆ ಸೇರಿದರೆ ಔಷಧದ ಬದಲು ಬರೀ ನೀರು ಏರಿಸ್ತಾರಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಕುತ್ತಿಗೆಯ ಗಡ್ಡೆಯ ಬಯಾಪ್ಸಿಯಲ್ಲಿ ‘ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ’ ಅಂತ ಬಂದಿದೆ. ಹೊಸ ಔಷಧದ ಟ್ರಯಲ್ ಇದೆ, ಸೇರ್ತೀರಾ ಅಂತ ಡಾಕ್ಟರ್ ಕೇಳಿದ್ದಾರೆ. ಅರ್ಧ ಜನರಿಗೆ ಔಷಧವೇ ಇಲ್ಲದ ನೀರು ಕೊಡ್ತಾರಂತೆ, ಹೌದಾ?

ಉತ್ತರ: ಇಲ್ಲ. ಈ ಕಾಯಿಲೆಗೆ ಮೊದಲ ಸಲ ಚಿಕಿತ್ಸೆ ಪಡೆಯುವವರಿಗೆ ಹಾಗೆ ಮಾಡುವಂತಿಲ್ಲ.

ಇದು ಬೇಗ ಬೆಳೆಯುವ ಕ್ಯಾನ್ಸರ್. ಸುಮ್ನೆ ಬಿಟ್ಟರೆ ತಿಂಗಳುಗಳಲ್ಲಿ ಕೈ ಮೀರುತ್ತದೆ. ಆದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆರ್-ಚಾಪ್ ಅನ್ನುವ ಐದು ಔಷಧಗಳ ಕೂಟವನ್ನು ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಆರು ಸುತ್ತು ಕೊಡುತ್ತಾರೆ. ನೂರರಲ್ಲಿ ಸುಮಾರು 60 ಮಂದಿ ಇದರಿಂದಲೇ ವಾಸಿಯಾಗುತ್ತಾರೆ. ಕೀಮೋ ವಾರ್ಡಿಗೆ ಹೋದರೆ ಕೆಂಪು ಬಣ್ಣದ ಔಷಧ ಏರಿಸುವುದು ಕಾಣುತ್ತದಲ್ಲ, ಅದು ಈ ಐದರಲ್ಲಿ ಒಂದಾದ ಡಾಕ್ಸೊರುಬಿಸಿನ್. ಅದು ಏರಿಸಿದ ಮೇಲೆ ಮೂತ್ರವೂ ಒಂದೆರಡು ದಿನ ಕೆಂಪಾಗುತ್ತದೆ, ಗಾಬರಿ ಬೇಡ. ಇಷ್ಟು ಕೆಲಸ ಮಾಡುವ ಮದ್ದು ಕೈಯಲ್ಲಿರುವಾಗ ಅದನ್ನು ತಪ್ಪಿಸಿ ನೀರು ಏರಿಸಲು, ಟ್ರಯಲ್‌ಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಯಾವ ಎಥಿಕ್ಸ್ ಸಮಿತಿಯೂ ಒಪ್ಪುವುದಿಲ್ಲ.

ಹಾಗಾದರೆ ಈ ‘ನೀರಿನ’ ಮಾತು ಎಲ್ಲಿಂದ ಬಂತು? ಪೊಲಾರಿಕ್ಸ್ ಅನ್ನುವ ಟ್ರಯಲ್ ನೋಡಿ, ತಿಳಿಯುತ್ತದೆ. ಅದರಲ್ಲಿ 879 ರೋಗಿಗಳಿದ್ದರು. ಆರ್-ಚಾಪ್‌ನ ಐದರಲ್ಲಿ ವಿನ್‌ಕ್ರಿಸ್ಟಿನ್ ಒಂದನ್ನು ತೆಗೆದು, ಅದರ ಜಾಗಕ್ಕೆ ಪೊಲಾಟುಜುಮ್ಯಾಬ್ ಅನ್ನುವ ಹೊಸ ಔಷಧ ಹಾಕಿದರೆ ಏನಾಗುತ್ತದೆ ಅನ್ನುವುದು ಪ್ರಶ್ನೆ. ಯಾರಿಗೆ ಯಾವುದು ಅನ್ನುವುದನ್ನು ಕಂಪ್ಯೂಟರ್ ನಿರ್ಧರಿಸಿತು, ಚೀಟಿ ಎತ್ತಿದ ಹಾಗೆ. ಉಳಿದ ನಾಲ್ಕು ಔಷಧ ಎಲ್ಲರಿಗೂ ಅಸಲಿಯೇ. ಆ ಒಂದು ಜಾಗಕ್ಕೆ ಮಾತ್ರ ಪ್ರತಿ ರೋಗಿಗೂ ಎರಡೆರಡು ಡೋಸ್: ಹೊಸದು ಅಸಲಿ, ವಿನ್‌ಕ್ರಿಸ್ಟಿನ್ ಖಾಲಿ (ಅಂದರೆ ಔಷಧವಿಲ್ಲದ್ದು), ಇಲ್ಲವೇ ವಿನ್‌ಕ್ರಿಸ್ಟಿನ್ ಅಸಲಿ, ಹೊಸದು ಖಾಲಿ. ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೊಸ ಔಷಧ ಸಿಕ್ಕಿದೆ ಅನ್ನುವ ಉತ್ಸಾಹ ಫಲಿತಾಂಶವನ್ನು ಕೆಡಿಸಬಾರದು, ಅದಕ್ಕೆ ಈ ಮುಚ್ಚಾಟ. ಖಾಲಿ ಡೋಸ್ ಎಲ್ಲರಿಗೂ ಹೋಯಿತು, ಚಿಕಿತ್ಸೆ ಯಾರಿಗೂ ತಪ್ಪಲಿಲ್ಲ.

ಎರಡು ವರ್ಷದ ಹೊತ್ತಿಗೆ ಕಾಯಿಲೆ ಮತ್ತೆ ತಲೆ ಎತ್ತದೆ ಇದ್ದವರು ಹೊಸ ಗುಂಪಿನಲ್ಲಿ ನೂರಕ್ಕೆ 76.7, ಹಳೆಯದರಲ್ಲಿ 70.2. ಬದುಕುಳಿದವರ ಲೆಕ್ಕದಲ್ಲಿ ಆಗ ವ್ಯತ್ಯಾಸವೇ ಇರಲಿಲ್ಲ. ಗೆಲುವು ಹೌದು, ಪವಾಡ ಅಲ್ಲ.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ, ನನಗೆ ಅದೇ ಜಾಸ್ತಿ ಚಿಂತೆ ತರುವುದು. ‘ಹಳೆ ಔಷಧದ ಗುಂಪಿಗೆ ಬಿದ್ದರೆ ನಷ್ಟ’ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆರ್-ಚಾಪ್ ಅನ್ನು ಸೋಲಿಸಲು ಹೊರಟ ಔಷಧಗಳ ಕಥೆ ಕೇಳಿ. ಗೋಯಾ ಟ್ರಯಲ್‌ನಲ್ಲಿ 1418 ರೋಗಿಗಳು. ಆರ್-ಚಾಪ್‌ನ ಐದರಲ್ಲಿ ಒಂದಾದ ರಿಟುಕ್ಸಿಮ್ಯಾಬ್ ಬದಲು ಒಬಿನುಟುಜುಮ್ಯಾಬ್ ಹಾಕಿ ನೋಡಿದರು, ಲಾಭ ಸಿಗಲಿಲ್ಲ. ಫೀನಿಕ್ಸ್ ಟ್ರಯಲ್‌ನಲ್ಲಿ ಆರ್-ಚಾಪ್ ಜೊತೆ ಇಬ್ರುಟಿನಿಬ್ ಮಾತ್ರೆ ಸೇರಿಸಿದರು. ಒಟ್ಟಾರೆ ಪ್ರಯೋಜನ ಕಾಣಲಿಲ್ಲ. 60 ದಾಟಿದವರಿಗಂತೂ ತೊಂದರೆಯೇ ಹೆಚ್ಚಾಯಿತು, ಅಡ್ಡಪರಿಣಾಮದಿಂದಾಗಿ ಹಲವರಿಗೆ ಆರ್-ಚಾಪನ್ನೂ ಪೂರ್ತಿ ಕೊಡಲಾಗಲಿಲ್ಲ. ನಿಮ್ಮ ತಂದೆಯ ವಯಸ್ಸಿನವರಿಗೆ ಆ ಟ್ರಯಲ್‌ನಲ್ಲಿ ಹಳೆ ಗುಂಪೇ ಒಳ್ಳೆಯದಾಗಿತ್ತು ಅಂದ ಹಾಗಾಯಿತು. ಹಾಗಂತ ಹೊಸದೆಲ್ಲ ಸೋಲುತ್ತದೆ ಅಂತಲೂ ಅಲ್ಲ. ಇವತ್ತು ಎಲ್ಲರಿಗೂ ಕೊಡುವ ರಿಟುಕ್ಸಿಮ್ಯಾಬ್ ಕೂಡ ಒಂದು ಕಾಲಕ್ಕೆ ಹೊಸದೇ. 60ರಿಂದ 80 ವರ್ಷದ 399 ಜನರ ಮೇಲೆ ಫ್ರಾನ್ಸ್‌ನ ತಂಡವೊಂದು ನಡೆಸಿದ, 2002ರಲ್ಲಿ ಪ್ರಕಟವಾದ ಟ್ರಯಲ್‌ನಿಂದ ಅದು ಒಳಗೆ ಬಂತು. ಯಾವುದು ಮೇಲು ಅಂತ ಮೊದಲೇ ಗೊತ್ತಿದ್ದರೆ ಟ್ರಯಲ್ ಮಾಡುವುದೇ ತಪ್ಪಾಗುತ್ತಿತ್ತು, ಅಲ್ವಾ?

ಕಾಯಿಲೆ ಮರುಕಳಿಸಿದವರ ಟ್ರಯಲ್‌ಗಳು ಬೇರೆ ಥರ. ರೋಗಿಯದೇ ಟಿ-ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ರಕ್ತದಿಂದ ತೆಗೆದು, ಲ್ಯಾಬಿನಲ್ಲಿ ಬದಲಾಯಿಸಿ ಮತ್ತೆ ಏರಿಸುವ ಕಾರ್-ಟಿ ಚಿಕಿತ್ಸೆಯಲ್ಲಿ ಮುಚ್ಚಾಟ ಸಾಧ್ಯವೇ ಇಲ್ಲ. ಜೂಮಾ-7 ಟ್ರಯಲ್‌ನ 359 ಜನರಿಗೂ ತಾವು ಯಾವ ಗುಂಪು ಅಂತ ಗೊತ್ತಿತ್ತು. ಇನ್ನೊಂದು ಗುಂಪಿಗೂ ಅಸಲಿ ಚಿಕಿತ್ಸೆಯೇ: ಬೇರೆ ಕೀಮೋ, ಅದಕ್ಕೆ ಕಾಯಿಲೆ ಬಗ್ಗಿದರೆ ಸ್ಟೆಮ್ ಸೆಲ್ ಕಸಿ. ಅಲ್ಲಿ ಕಾರ್-ಟಿ ಗೆದ್ದಿತು. ಬೆಲಿಂಡಾ ಟ್ರಯಲ್‌ನಲ್ಲಿ ಇನ್ನೊಂದು ಕಾರ್-ಟಿಗೆ ಗೆಲುವು ಸಿಗಲಿಲ್ಲ. ನಮ್ಮಲ್ಲೂ ಈಗ ಇಲ್ಲೇ ತಯಾರಾಗುವ ಎರಡು ಕಾರ್-ಟಿಗಳಿವೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರಲ್ಲಿ ಬಂತು. ಎರಡೂ ಬಂದಿದ್ದು ಇಲ್ಲಿನ ರೋಗಿಗಳು ಟ್ರಯಲ್‌ಗೆ ಸೇರಿದ್ದರಿಂದಲೇ.

ಬರೀ ಖಾಲಿ ಮಾತ್ರೆ ಕೊಡುವ ಟ್ರಯಲ್ ಇಲ್ಲವೇ ಇಲ್ಲವಾ? ಇದೆ, ಚಿಕಿತ್ಸೆ ಮುಗಿದ ಮೇಲೆ. ರೆಮಾರ್ಕ್ ಟ್ರಯಲ್‌ನಲ್ಲಿ ಆರ್-ಚಾಪ್‌ಗೆ ಬಗ್ಗಿದವರಲ್ಲಿ ಅರ್ಧದಷ್ಟು ಮಂದಿಗೆ ಲೆನಾಲಿಡೊಮೈಡ್ ಅನ್ನುವ ಔಷಧ, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟರು. ಆ ಹಂತದಲ್ಲಿ ಮಾಮೂಲಿ ಪದ್ಧತಿ ಅಂದರೆ ಔಷಧ ಕೊಡದೆ ಚೆಕಪ್ ಮಾಡುತ್ತಿರುವುದು. ಹಾಗಾಗಿ ಯಾರಿಗೂ ಏನೂ ತಪ್ಪಿಸಿದ ಹಾಗಾಗಲಿಲ್ಲ.

ಕಾನೂನೂ ನಿಮ್ಮ ಕಡೆಗಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಖಾಲಿ ಔಷಧವಿರುವ ಟ್ರಯಲ್‌ನಲ್ಲಿ ಕೊಡಬೇಕಾದ ಮಾಮೂಲಿ ಚಿಕಿತ್ಸೆ ಕೊಡದೆ ಹಾನಿಯಾದರೆ ಅದು ಪರಿಹಾರಕ್ಕೆ ಅರ್ಹ. ಒಪ್ಪಿಗೆ ಪತ್ರ ಅಪ್ಪನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಬೇಡ ಅನ್ನಿಸಿದ ದಿನ ಕಾರಣ ಹೇಳದೆ ಹೊರಬರಬಹುದು. ಟ್ರಯಲ್ ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿರಲೇಬೇಕು. ಆ ನಂಬರ್ ಕೇಳಿ ಪಡೆಯಿರಿ.

ಸಹಿಗೆ ಮುಂಚೆ ಡಾಕ್ಟರನ್ನು ಕೇಳಬೇಕಾದ ಮುಖ್ಯ ಮಾತು ಒಂದೇ: ‘ಹೊಸ ಔಷಧ ಸಿಗದ ಗುಂಪಿಗೆ ಬಿದ್ದರೆ ಅಪ್ಪನಿಗೆ ಏನು ಕೊಡ್ತೀರಿ?’ ಟ್ರಯಲ್ ಇಲ್ಲದಿದ್ದರೆ ಕೊಡುತ್ತಿದ್ದ ಚಿಕಿತ್ಸೆಯ ಹೆಸರೇ ಉತ್ತರದಲ್ಲಿ ಬರಬೇಕು. ಹೆಚ್ಚುವರಿ ಸ್ಕ್ಯಾನ್, ಬಯಾಪ್ಸಿಗಳ ಖರ್ಚು ಯಾರದು ಅಂತಲೂ ಕೇಳಿ. ತುಂಬಾ ದಿನ ಯೋಚಿಸುತ್ತಾ ಕೂರಬೇಡಿ. ಈ ಕಾಯಿಲೆ ಕಾಯುವುದಿಲ್ಲ, ಮತ್ತೆ ಮೊದಲ ಚಿಕಿತ್ಸೆಯ ಟ್ರಯಲ್‌ಗಳಲ್ಲಿ ಹೆಚ್ಚಿನವು ಕೀಮೋ ಶುರುವಾದವರನ್ನು ಸೇರಿಸಿಕೊಳ್ಳುವುದಿಲ್ಲ.