ಸತ್ತವರ ಮನೆಗೊಂದು ಕಂಡಿ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡವನ್ನು ಹತ್ತಿದವರಿಗೆ ಹಾಸುಬಂಡೆಯ ಮೇಲೆ ಕಲ್ಲಿನ ಕೇರಿಯೊಂದು ಕಾಣುತ್ತದೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು, ಕೆಲವಕ್ಕೆ ನಾಲ್ಕನೆಯ ಗೋಡೆಯಾಗಿ ದುಂಡನೆಯ ಕಂಡಿ ಕೊರೆದ ಇನ್ನೊಂದು ಚಪ್ಪಡಿ. ಸತ್ತವರಿಗಾಗಿ ಕಟ್ಟಿದ ಇಂಥ ಸುಮಾರು 400 ಶಿಲಾರಚನೆಗಳು ಇಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ವಿದ್ವಾಂಸರು ಅಂದಾಜಿಸುತ್ತಾರೆ. ಊರವರು ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಆ ಕಂಡಿಯಲ್ಲಿ ನುಸುಳಿ ಒಳಹೋಗಬೇಕಾದರೆ ಮನುಷ್ಯ ಕುಳ್ಳನಾಗಿರಲೇಬೇಕಲ್ಲವೇ? ಮೋರ್ಯರು ಗಿಡ್ಡ ಜನ, ಇವು ಅವರ ಮನೆಗಳು ಎಂಬ ಕಥೆ ಹುಟ್ಟಿದ್ದು ಇದರಿಂದಲೇ ಇರಬೇಕೆಂದು ನನಗನಿಸುತ್ತದೆ.

ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗುವ ಗ್ರಾನೈಟ್ ಬಂಡೆ ಕಾಲಾಂತರದಲ್ಲಿ ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಬಿಡುತ್ತದೆ. ಆ ಬಿರುಕನ್ನು ಗುರುತಿಸಿ ಚಪ್ಪಡಿಯನ್ನು ಎಬ್ಬುವುದು ಕಲ್ಲಿನ ಸ್ವಭಾವ ಬಲ್ಲವರಿಗೆ ಸಾಧ್ಯವಿತ್ತು. ಆದರೆ ಎರಡು ಮೀಟರ್ ಉದ್ದಗಲದ, ಗೇಣು ದಪ್ಪಕ್ಕೂ ಕಡಿಮೆಯ ಒಂದು ಚಪ್ಪಡಿಯೇ ಒಂದೂವರೆ ಟನ್ ಮೀರುತ್ತದೆ. ಅದನ್ನು ಎಳೆದು ನಿಲ್ಲಿಸುವುದು ಒಂದು ಮನೆತನದ ಕೆಲಸವಲ್ಲ. ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಒಡೆದುಹೋಗುವ ಅಪಾಯವಿದ್ದೂ ಅದೇ ಚಪ್ಪಡಿಯ ನಡುವೆ ಕಂಡಿ ಕೊರೆದರಲ್ಲ, ಅದು ಏತಕ್ಕೆ?

ಸತ್ತವರ ಜೀವ ಹೋಗಿಬರಲು ಎಂಬುದು ಬಹಳ ಕಾಲದಿಂದ ಬಂದ ವಿವರಣೆ. ಇನ್ನೊಂದು ಸುಳಿವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ, ಮಣ್ಣಿನಡಿಯ ಇಂಥದೇ ಕಂಡಿಯ ಕೋಣೆಗಳಲ್ಲಿ ಇಡೀ ಅಸ್ಥಿಪಂಜರಗಳ ಬದಲು ಆಯ್ದು ತಂದಿಟ್ಟ ಮೂಳೆಗಳು ಸಿಕ್ಕವು. ಜೊತೆಗೆ ಮಡಕೆಗಳೂ ಕಬ್ಬಿಣದ ಉಪಕರಣಗಳೂ ಇದ್ದವು. ಹಲವು ಕೋಣೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳಿದ್ದವು, ಕಂಡಿಯ ಹೊರಗೆ ಮುಚ್ಚಲೊಂದು ಕಲ್ಲೂ ಇತ್ತು. ಮಾಂಸ ಕರಗುವವರೆಗೆ ದೇಹವನ್ನು ಬೇರೆಡೆ ಇರಿಸಿ, ಉಳಿದ ಮೂಳೆಗಳನ್ನು ತಂದು ಹಿರಿಯರ ಜೊತೆ ಸೇರಿಸುತ್ತಿದ್ದರೆಂದು ಇದರಿಂದ ಊಹಿಸಬಹುದು. ಹಾಗಿದ್ದರೆ ಆ ಕಂಡಿಯ ಮೂಲಕ ಬದುಕಿದ್ದವರ ಕೈಯೂ ಆಡುತ್ತಿತ್ತು. ಈ ಎರಡು ವಿವರಣೆಗಳು ಒಂದನ್ನೊಂದು ಅಲ್ಲಗಳೆಯುತ್ತವೆಂದು ನಾನು ಒಪ್ಪುವುದಿಲ್ಲ. ಸತ್ತವರು ಇನ್ನೂ ತಮ್ಮವರೇ ಎಂಬ ನಂಬಿಕೆ ಇಲ್ಲದವರು ಗೋರಿಗೆ ಬಾಗಿಲಿಡುವುದಾದರೂ ಯಾಕೆ?

ಹಿರೇಬೆಣಕಲ್ಲಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ. ಬ್ರಹ್ಮಗಿರಿಯಲ್ಲಿ ಮಣ್ಣು ಕಾಪಾಡಿದಂಥದ್ದನ್ನು ಇಲ್ಲಿ ಬಯಲಿನ ಗಾಳಿಮಳೆ ಉಳಿಸಿಲ್ಲ. ಉಳಿದ ಚಪ್ಪಡಿಗಳಲ್ಲಿ ಹಲವನ್ನು ನಿಧಿಯಾಸೆಯವರು ಕೆಡವಿದ್ದಾರೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಒಡೆದ ಚಪ್ಪಡಿಯ ಅಂಚಿನಲ್ಲಿ ಅರ್ಧಚಂದ್ರದಂತೆ ಉಳಿದ ಕಂಡಿಯ ಬಾಗನ್ನು ಬೆರಳಿನಿಂದ ಸವರಿದರೆ, ಅದನ್ನು ಬಡಿದು ಬಡಿದು ನಯಮಾಡಿದ ಕೈಯ ತಾಳ್ಮೆ ಇನ್ನೂ ತಿಳಿಯುತ್ತದೆ.