ಶಿಫ್ಟ್ ಒತ್ತಿ ಬ್ರೇಕ್: ಮೆಮೊರಿ ಕಾರ್ಡಿನಿಂದ ಬೂಟ್ ಆಗುವ 1981ರ ಕಂಪ್ಯೂಟರ್

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಕಂಪ್ಯೂಟರ್ಸ್ ಸಂಸ್ಥೆ 1981ರ ಡಿಸೆಂಬರ್‌ನಲ್ಲಿ ಹೊರತಂದ ಬಿಬಿಸಿ ಮೈಕ್ರೋ ಎಂಬ ಮನೆಗಣಕವು ಇಂದಿಗೂ ಹಲವು ಆಸಕ್ತರ ಮೇಜಿನ ಮೇಲೆ ಕೆಲಸ ಮಾಡುತ್ತಿದೆ. ಬ್ರಿಟನ್ನಿನ ಶಾಲೆಗಳಲ್ಲಿ ಮನೆಮಾತಾಗಿದ್ದ ಈ ಯಂತ್ರ ಭಾರತಕ್ಕೂ ಅಪರಿಚಿತವಲ್ಲ: 1984ರಲ್ಲಿ ನಮ್ಮ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ತಂದ ‘ಕ್ಲಾಸ್’ ಯೋಜನೆ ಬಳಸಿದ್ದು ಇದನ್ನೇ, ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಭಾರತದಲ್ಲೇ ತಯಾರಿಸಿದ್ದೂ ಇದನ್ನೇ. ಇದರ ‘ಬಿ’ ಮಾದರಿಯಲ್ಲಿ 2 ಮೆಗಾಹರ್ಟ್ಜ್ ವೇಗದ 6502 ಪ್ರೊಸೆಸರ್ ಇದೆ; ರ್‍ಯಾಮ್ ಕೇವಲ 32 ಕಿಲೋಬೈಟ್. ನಾಲ್ಕು ದಶಕ ಕಳೆದರೂ ಇದರ ಚಿಪ್‌ಗಳು ಬಹುಮಟ್ಟಿಗೆ ಬಾಳಿಕೊಂಡಿವೆ, ಆದರೆ ಇದಕ್ಕೆ ಪ್ರೋಗ್ರಾಂ ಉಣಿಸುತ್ತಿದ್ದ ಫ್ಲಾಪಿಗಳಿಗೆ ಅಷ್ಟು ಆಯುಸ್ಸಿಲ್ಲ. ಕಾಂತೀಯ ಲೇಪ ಸವೆಯುತ್ತದೆ, ತೇವದ ಹವೆಯಲ್ಲಿ ಬೂಷ್ಟು ಹಿಡಿಯುತ್ತದೆ, ಡ್ರೈವ್‌ನ ಯಾಂತ್ರಿಕ ಭಾಗಗಳು ಜಡ್ಡುಗಟ್ಟುತ್ತವೆ. ಹೀಗಾಗಿ ಕ್ಯಾಮೆರಾ, ಸಂಗೀತ ಪ್ಲೇಯರುಗಳಂಥ ಕೈಸಾಧನಗಳಿಗೆಂದು ಹುಟ್ಟಿದ ಎಸ್‌ಡಿ ಕಾರ್ಡನ್ನು ಈ ಯಂತ್ರಕ್ಕೆ ಜೋಡಿಸುವ ರೂಢಿ ಬೆಳೆದಿದೆ. ತನಗಿಂತ ಸುಮಾರು ಎರಡು ದಶಕ ತಡವಾಗಿ ಬಂದ ವಸ್ತುವನ್ನು ಒಂದು ಕಂಪ್ಯೂಟರ್ ಹೇಗೆ ಓದಬಲ್ಲದು ಎಂಬುದು ಬಿಡಿಸಿ ನೋಡಬೇಕಾದ ಪ್ರಶ್ನೆ.

ಇಂದಿನ ಕಂಪ್ಯೂಟರ್‌ನಲ್ಲಿ ಬೂಟ್ ಆಗುವುದೆಂದರೆ ಕಾರ್ಯಾಚರಣ ವ್ಯವಸ್ಥೆಯೇ ಡಿಸ್ಕಿನಿಂದ ಮೆಮೊರಿಗೆ ಇಳಿದು ಬರುವುದು. ಬಿಬಿಸಿ ಮೈಕ್ರೋದಲ್ಲಿ ಹಾಗಲ್ಲ. ಕಾರ್ಯಾಚರಣ ವ್ಯವಸ್ಥೆ ಮತ್ತು ಬೇಸಿಕ್ ಭಾಷೆ ತಲಾ 16 ಕಿಲೋಬೈಟಿನಂತೆ, ಓದಲು ಮಾತ್ರ ಬರುವ ರೋಮ್ ಚಿಪ್‌ಗಳಲ್ಲೇ ಅಚ್ಚಾಗಿವೆ. ಸ್ವಿಚ್ ಒತ್ತಿದೊಡನೆ ಪ್ರೊಸೆಸರ್ ಮೆಮೊರಿಯ 65532 ಮತ್ತು 65533ನೆಯ ವಿಳಾಸಗಳನ್ನು ಓದಿ, ಅಲ್ಲಿ ಬರೆದಿರುವ ಜಾಗದಿಂದ ಕೆಲಸ ಆರಂಭಿಸುತ್ತದೆ, ಎರಡು ಸ್ವರಗಳ ಪರಿಚಿತ ಬೀಪ್ ಕೇಳಿಸುತ್ತದೆ, ಯಂತ್ರ ಸಿದ್ಧವಾಗುತ್ತದೆ. ಆದ್ದರಿಂದ ಇಲ್ಲಿ ಬೂಟ್ ಎಂಬ ಮಾತಿಗೆ ಅರ್ಥ ಬೇರೆ: ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಬ್ರೇಕ್ ಕೀಲಿಯನ್ನು ಒತ್ತಿಬಿಟ್ಟರೆ ಡಿಸ್ಕಿನಲ್ಲಿರುವ ‘!ಬೂಟ್’ ಎಂಬ ಫೈಲು ತಾನಾಗಿ ಚಾಲನೆಗೊಳ್ಳುತ್ತದೆ.

ಈ ಪುಟ್ಟ ಕ್ರಿಯೆಯ ಹಿಂದಿನ ವಿನ್ಯಾಸದಲ್ಲಿಯೇ ಇಡೀ ಸಂಗತಿಯ ಬೇರು ಇದೆ. ವಿಳಾಸ 32768ರಿಂದ 49151ರವರೆಗಿನ 16 ಕಿಲೋಬೈಟಿನ ಒಂದೇ ಕಿಟಕಿಯಲ್ಲಿ ಒಂದಾದ ಮೇಲೊಂದು ರೋಮ್ ಚಿಪ್ ಕಾಣಿಸಿಕೊಳ್ಳುವಂತೆ ಏಕಾರ್ನ್ ಎಂಜಿನಿಯರುಗಳು ಏರ್ಪಾಡು ಮಾಡಿದ್ದರು; ಇವಕ್ಕೆ ಸೈಡ್‌ವೇಸ್ ರೋಮ್ ಎಂದು ಹೆಸರು. ಬ್ರೇಕ್ ಒತ್ತಿದಾಗ ಕಾರ್ಯಾಚರಣ ವ್ಯವಸ್ಥೆ 15ನೆಯ ಸ್ಥಾನದಿಂದ 0ಯವರೆಗೆ ಇಳಿಯುತ್ತಾ ಪ್ರತಿಯೊಂದು ರೋಮ್‌ಗೂ ‘ಬೂಟ್ ಮಾಡುವ ಹೊಣೆ ನಿನ್ನದೇ?’ ಎಂದು ಕೇಳುತ್ತದೆ. ಹೌದೆಂದ ಮೊದಲ ರೋಮ್‌ಗೆ ಆ ಅಧಿಕಾರ ದೊರೆಯುತ್ತದೆ. ಹಾಗೆ ಅಧಿಕಾರ ಪಡೆದ ರೋಮ್‌ನಲ್ಲಿರುವ ಫೈಲ್ ವ್ಯವಸ್ಥೆಯು, ಅಂದರೆ ಫೈಲುಗಳನ್ನು ಓದಿ ಬರೆಯುವ ತಂತ್ರಾಂಶವು, ರ್‍ಯಾಮ್‌ನ 530ರಿಂದ 543ರವರೆಗಿನ 14 ಬೈಟುಗಳಲ್ಲಿ ತನ್ನ ಏಳು ಉಪಪ್ರೋಗ್ರಾಂಗಳ ವಿಳಾಸಗಳನ್ನು ಬರೆದಿಡುತ್ತದೆ. ಅಲ್ಲಿಂದಾಚೆ ಯಾವ ಪ್ರೋಗ್ರಾಂ ಫೈಲ್ ಕೇಳಿದರೂ, ಒಂದು ಬೈಟ್ ಓದಬಯಸಿದರೂ, ಆ ಕೋರಿಕೆ ಈ 14 ಬೈಟುಗಳ ಮೂಲಕವೇ ಹಾದುಹೋಗಬೇಕು. ಅತ್ತ ಕಡೆ ಇರುವುದು ಕ್ಯಾಸೆಟ್ಟೋ ಫ್ಲಾಪಿಯೋ ಎಂಬುದು ಪ್ರೋಗ್ರಾಮಿಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಯಂತ್ರದ ಅತ್ಯಂತ ಸುಂದರವಾದ ಭಾಗ ಇದೇ. ಎಸ್‌ಡಿ ಕಾರ್ಡನ್ನು ಓದಬಲ್ಲ ಎಂಎಂಎಫ್‌ಎಸ್ ಎಂಬ ತಂತ್ರಾಂಶವನ್ನು ಒಂದು ರೋಮ್ ಚಿಪ್ಪಿಗೆ ತುಂಬಿ ಖಾಲಿ ಸಾಕೆಟ್ಟಿನಲ್ಲಿ ಕೂರಿಸಿದರೆ, ಮೂಲ ಯಂತ್ರದ ಒಂದಕ್ಷರವನ್ನೂ ತಿದ್ದದೆ ಹೊಸ ಮಾಧ್ಯಮ ಒಳಬರುತ್ತದೆ.

ತಂತಿಗಳ ಕಡೆಯ ಕೆಲಸವೂ ಅಷ್ಟೇ ಮಿತವಾದದ್ದು. ಎಸ್‌ಡಿ ಕಾರ್ಡು ತನ್ನ ವೇಗದ ಮಾರ್ಗಗಳ ಜೊತೆಗೆ ಎಸ್‌ಪಿಐ ಎಂಬ ಸರಳ ಸಂವಹನ ಪದ್ಧತಿಯನ್ನೂ ಉಳಿಸಿಕೊಂಡಿದೆ. ಅದರಲ್ಲಿ ಗಡಿಯಾರದ ಮಿಡಿತಕ್ಕೆ ಒಂದು ತಂತಿ, ಕಾರ್ಡಿಗೆ ಹೋಗುವ ಮಾಹಿತಿಗೆ ಒಂದು, ಕಾರ್ಡಿನಿಂದ ಬರುವ ಮಾಹಿತಿಗೆ ಒಂದು, ಕಾರ್ಡನ್ನು ಆಯ್ಕೆ ಮಾಡಲು ಮತ್ತೊಂದು. ಬಿಬಿಸಿ ಮೈಕ್ರೋದ ತಳಭಾಗದಲ್ಲಿ ಹೊರಗಿನ ಸಾಧನಗಳನ್ನು ಜೋಡಿಸಲೆಂದು ಇರುವ ಯೂಸರ್ ಪೋರ್ಟಿಗೆ 6522 ಎಂಬ ಚಿಪ್ ಜೋಡಿಸಿದೆ. ಅದರ ಮಾಹಿತಿ ಕಾಲುಗಳ (ಪಿನ್‌ಗಳ) ವೋಲ್ಟೇಜನ್ನು ಒಂದೊಂದಾಗಿ ಪ್ರೋಗ್ರಾಮಿನಿಂದಲೇ ಏರಿಸಿ ಇಳಿಸಬಹುದು. ಎಚ್ಚರ ವಹಿಸಬೇಕಾದದ್ದು ವೋಲ್ಟೇಜಿನಲ್ಲಿ. ಹಳೆಯ ಯಂತ್ರದ್ದು 5 ವೋಲ್ಟಿನ ಲೋಕ, ಕಾರ್ಡಿನದು 3.3 ವೋಲ್ಟಿನದು. ನೇರವಾಗಿ ಜೋಡಿಸಿದರೆ ಕಾರ್ಡು ಹಾಳಾಗಬಹುದಾದ್ದರಿಂದ ನಡುವೆ ರೆಸಿಸ್ಟರುಗಳನ್ನೋ ಬಫರ್ ಚಿಪ್ಪನ್ನೋ ಇಟ್ಟು ಹೊರಹೋಗುವ ಸಂಕೇತಗಳ ಮಟ್ಟವನ್ನು ತಗ್ಗಿಸಬೇಕು. ಎದುರು ದಿಕ್ಕಿನಲ್ಲಿ ಆ ತೊಡಕಿಲ್ಲ; ಸುಮಾರು 2.4 ವೋಲ್ಟಿಗಿಂತ ಮೇಲಿನದನ್ನು 6522 ಚಿಪ್ ‘1’ ಎಂದೇ ಓದಿಕೊಳ್ಳುತ್ತದೆ.

ಕಾರ್ಡನ್ನು ಎಬ್ಬಿಸಲು ಒಂದು ಕ್ರಮವಿದೆ. ವಿದ್ಯುತ್ ಸಿಕ್ಕ ಮೇಲೆ ಅದಕ್ಕೆ ಕನಿಷ್ಠ 74 ಗಡಿಯಾರದ ಮಿಡಿತಗಳನ್ನು ಕಳುಹಿಸಿ, ಬಳಿಕ 0ನೆಯ ಆದೇಶವನ್ನು ನೀಡಬೇಕು. ‘1’ ಎಂಬ ಉತ್ತರ ಬಂದರೆ ಕಾರ್ಡು ಎಸ್‌ಪಿಐ ಪದ್ಧತಿಗೆ ಒಪ್ಪಿಕೊಂಡಿತೆಂದು ಅರ್ಥ. ಇನ್ನು ಕೆಲವು ಆದೇಶಗಳಲ್ಲಿ ಕಾರ್ಡಿನ ಬಗೆಯನ್ನು ತಿಳಿದುಕೊಂಡ ಮೇಲೆ, 17ನೆಯ ಆದೇಶದೊಡನೆ ಬೇಕಾದ ಜಾಗದ ಸಂಖ್ಯೆಯನ್ನು ಕೊಟ್ಟರೆ 512 ಬೈಟುಗಳ ಒಂದು ಖಂಡ ಹರಿದುಬರುತ್ತದೆ. ಪ್ರತಿ ಬಿಟ್‌ಗೂ ಪ್ರೊಸೆಸರ್ ಗಡಿಯಾರದ ತಂತಿಯನ್ನು ತಾನೇ ಒಮ್ಮೆ ಏರಿಸಿ ಒಮ್ಮೆ ಇಳಿಸಬೇಕು, ಬರುವ ಬಿಟ್‌ಗಳನ್ನು 6522ರೊಳಗಿನ ಶಿಫ್ಟ್ ರಿಜಿಸ್ಟರ್ ಒಂದರ ಹಿಂದೊಂದರಂತೆ ಪೇರಿಸಿ ಬೈಟ್ ಮಾಡಿಕೊಡುತ್ತದೆ. ಈ ಪೋರ್ಟನ್ನು ಮುಟ್ಟುವ ಪ್ರತಿ ಸಲವೂ ಪ್ರೊಸೆಸರ್ ತನ್ನ ವೇಗವನ್ನು 1 ಮೆಗಾಹರ್ಟ್ಜ್‌ಗೆ ಇಳಿಸಿಕೊಳ್ಳಬೇಕಾಗಿರುವುದರಿಂದ ಒಂದು ಬೈಟಿಗೆ ಸುಮಾರು 50 ಮೈಕ್ರೋಸೆಕೆಂಡ್ ಹಿಡಿಯುತ್ತದೆಂದು ಲೆಕ್ಕ ಹಾಕಬಹುದು. ಎಬ್ಬಿಸುವ ಹಂತದಲ್ಲಿ 400 ಕಿಲೋಹರ್ಟ್ಜ್ ಮೀರಕೂಡದೆಂಬುದು ಕಾರ್ಡಿನ ನಿಯಮ. ಈ ಯಂತ್ರವೋ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೂ ಆ ಮಿತಿಯ ಅರ್ಧವನ್ನು ಮುಟ್ಟುವುದಿಲ್ಲ. ಹಾಗಿದ್ದರೂ 20 ಕಿಲೋಬೈಟಿನ ಪ್ರೋಗ್ರಾಂ ಒಂದೆರಡು ಸೆಕೆಂಡಿನಲ್ಲಿ ಮೆಮೊರಿಗೆ ಬಂದುಬಿಡುತ್ತದೆ. ಸೆಕೆಂಡಿಗೆ 1200 ಬಿಟ್ ವೇಗದ ಕ್ಯಾಸೆಟ್ಟಿನಲ್ಲಿ ಅದೇ ಪ್ರೋಗ್ರಾಮಿಗೆ ಸುಮಾರು ಮೂರು ನಿಮಿಷ ಕಾದು ಕೂರಬೇಕಿತ್ತು.

ಕಾರ್ಡಿನ ಒಳಗೆ ಫ್ಲಾಪಿಗಳ ಯಥಾಪ್ರತಿಗಳೇ ಇರುತ್ತವೆ. ಏಕಾರ್ನ್‌ನ ಡಿಸ್ಕ್ ವ್ಯವಸ್ಥೆಯಲ್ಲಿ 80 ಟ್ರ್ಯಾಕ್‌ಗಳ ಒಂದು ಬದಿಗೆ 200 ಕಿಲೋಬೈಟ್ ಹಿಡಿಯುತ್ತಿತ್ತು, ಅದರಲ್ಲಿ ಹೆಚ್ಚೆಂದರೆ 31 ಫೈಲುಗಳಿಗೆ ಅವಕಾಶವಿತ್ತು. ಇಂಥ 511 ಡಿಸ್ಕುಗಳನ್ನು ಒಂದೇ ದೊಡ್ಡ ಫೈಲಿನಲ್ಲಿ ಸಾಲಾಗಿ ಜೋಡಿಸಿ ಕಾರ್ಡಿಗೆ ಹಾಕಲಾಗುತ್ತದೆ. ಒಟ್ಟು ಗಾತ್ರ ಸುಮಾರು 100 ಮೆಗಾಬೈಟ್. ಈ ಫೈಲು ಕಾರ್ಡಿನಲ್ಲಿ ತುಂಡಾಗದೆ ಒಂದೇ ಪಟ್ಟಿಯಾಗಿರಬೇಕು, ಏಕೆಂದರೆ ಎಂಎಂಎಫ್‌ಎಸ್ ಅದರ ಆರಂಭದ ಜಾಗವನ್ನು ಮಾತ್ರ ಹುಡುಕಿಕೊಂಡು, ಉಳಿದದ್ದನ್ನು ಕೂಡಿಸುವ ಲೆಕ್ಕದಿಂದ ತಲುಪುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿಗೆ ಮೊದಲು ಈ ಫೈಲನ್ನೇ ಹಾಕಿರೆಂದು ಅನುಭವಿಗಳು ಒತ್ತಿ ಹೇಳುವುದು ಇದಕ್ಕಾಗಿ. ನಕಲು ತಡೆಯಲೆಂದು ಫ್ಲಾಪಿಯ ನಿಯಂತ್ರಕ ಚಿಪ್ಪನ್ನೇ ನೇರವಾಗಿ ಮುಟ್ಟುತ್ತಿದ್ದ ಕೆಲವು ಹಳೆಯ ಆಟಗಳು ಮಾತ್ರ ಹೀಗೆ ನಡೆಯುವುದಿಲ್ಲ. ಅವು ಆ 14 ಬೈಟುಗಳ ಹೆಬ್ಬಾಗಿಲನ್ನು ಬಿಟ್ಟು ಗೋಡೆ ಹಾರಿ ಹೋಗುವಂಥವು.

ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೊಂದಿದೆ, ಅದು ಮೆಮೊರಿಯದು. ಕ್ಯಾಸೆಟ್ ಮಾತ್ರ ಬಳಸುವಾಗ ಬೇಸಿಕ್ ಪ್ರೋಗ್ರಾಂ 3584ನೆಯ ವಿಳಾಸದಿಂದ ಆರಂಭವಾಗುತ್ತದೆ; ಡಿಸ್ಕ್ ವ್ಯವಸ್ಥೆ ತನ್ನ ಲೆಕ್ಕಪತ್ರಗಳಿಗೆಂದು ಜಾಗ ಕೇಳುವುದರಿಂದ ಅದು 6400ಕ್ಕೆ ಸರಿಯುತ್ತದೆ. ಹೀಗೆ ಕೈತಪ್ಪುವುದು 2816 ಬೈಟ್. ಹೆಚ್ಚು ವಿವರದ ಚಿತ್ರ ತೋರಿಸುವಾಗ ಪರದೆಯೊಂದೇ 20 ಕಿಲೋಬೈಟನ್ನು ನುಂಗುವ ಯಂತ್ರದಲ್ಲಿ ಇದು ಸಣ್ಣ ನಷ್ಟವಲ್ಲ. ಕ್ಯಾಸೆಟ್ಟಿಗೆಂದು ಬರೆದ ಎಷ್ಟೋ ಆಟಗಳು ಇದೇ ಕಾರಣಕ್ಕೆ ಫ್ಲಾಪಿ ಜೋಡಿಸಿದ ಯಂತ್ರದಲ್ಲಿ ಹಿಡಿಸುತ್ತಿರಲಿಲ್ಲ. ರೋಮ್ ಸಾಕೆಟ್ಟಿನಲ್ಲಿ ರೋಮ್ ಬದಲಿಗೆ ಬರೆಯಬಲ್ಲ ರ್‍ಯಾಮ್ ಚಿಪ್ಪನ್ನು ಕೂರಿಸಿದರೆ ಎಂಎಂಎಫ್‌ಎಸ್‌ನ ಇನ್ನೊಂದು ರೂಪ ತನ್ನ ಲೆಕ್ಕಪತ್ರಗಳನ್ನೂ ಆ 16 ಕಿಲೋಬೈಟಿನ ಕಿಟಕಿಯೊಳಗೇ ಇಟ್ಟುಕೊಳ್ಳುತ್ತದೆ. ಆಗ ಪ್ರೋಗ್ರಾಮಿನ ಆರಂಭ ಮತ್ತೆ 3584ಕ್ಕೇ ಮರಳುತ್ತದೆ, ಕ್ಯಾಸೆಟ್ ಕಾಲದ ಆಟವೂ ಕಾರ್ಡಿನಿಂದ ನೇರವಾಗಿ ಬೂಟ್ ಆಗುತ್ತದೆ.